ಪುನರ್ವಸು ಮಳೆ, ಪಾಚಿ ಹಿಡಿದ ಇಳಿಜಾರು, ಆರು ಸೀಟಿನ ಬ್ಯಾಟರಿ ಗಾಡಿ: ಬೆಳಗಾವಿಯ ಒಂದು ಬಡಾವಣೆಯ ಪ್ರಕರಣ

ಜುಲೈ ತಿಂಗಳ ಒಂದು ಬೆಳಗ್ಗೆ. ಇನ್ನೂ ಎಂಟು ಗಂಟೆ ಆಗಿರಲಿಲ್ಲ. ಬೆಳಗಾವಿಯ ಹೊರಗೆ, ಖಾನಾಪುರದ ಕಡೆಯ ಏರಿಳಿತದ ನೆಲದಲ್ಲಿ ಕಟ್ಟಿದ ಒಂದು ಗೇಟೆಡ್ ಬಡಾವಣೆ. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಗಾಲ್ಫ್ ಗಾಡಿ ಇಳಿಜಾರಿನಲ್ಲಿ ಬರುತ್ತಿತ್ತು. ಕೆಳಗೆ ರಸ್ತೆ ಬಲಕ್ಕೆ ತಿರುಗುತ್ತದೆ. ಅಲ್ಲಿ ಗಾಡಿಯ ಹಿಂಭಾಗ ಎಡಕ್ಕೆ ಜಾರಿ ಗಟಾರದ ಕಲ್ಲಿಗೆ ಬಡಿಯಿತು. ಹಿಂದಿನ ಸೀಟಿನಲ್ಲಿದ್ದ ಅಜ್ಜಿ, ತೊಡೆಯ ಮೇಲಿದ್ದ ಮೊಮ್ಮಗನ ಸಮೇತ ಹೊರಗೆ ಬಿದ್ದರು. ಅಜ್ಜಿಯ ಬಲಗೈ ಮಣಿಕಟ್ಟು ಮುರಿಯಿತು. ಹುಡುಗನ ಹಣೆಗೆ ಹೊಲಿಗೆ ಬಿತ್ತು. ಉಳಿದವರಿಗೆ ಗಾಬರಿ ಬಿಟ್ಟರೆ ಏನೂ ಆಗಲಿಲ್ಲ.

ನಾನು ಆ ಬಡಾವಣೆಯವನಲ್ಲ. ಉದ್ಯಮಬಾಗದ ಕಾರ್ಖಾನೆಗಳಲ್ಲಿ ಬ್ಯಾಟರಿ ಫೋರ್ಕ್‌ಲಿಫ್ಟ್‌ಗಳ ಸುರಕ್ಷತೆ ನೋಡಿಕೊಂಡು ಬಂದವನು. ಅದಕ್ಕೂ ಗಾಲ್ಫ್ ಗಾಡಿಗೂ ಬ್ಯಾಟರಿ, ಮೋಟರ್ ಎಲ್ಲ ಒಂದೇ ಜಾತಿ. ಅದಕ್ಕೇ ನಿವಾಸಿಗಳ ಸಂಘದವರು ಕರೆದು, ಏನಾಯಿತು ನೋಡಿ ಬರೆದುಕೊಡಿ ಅಂದರು. ಜನರ ಹೆಸರು, ಬಡಾವಣೆಯ ಹೆಸರು ಇಲ್ಲಿ ಹಾಕಿಲ್ಲ.

ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕ್ ಕೆಟ್ಟಿರಲಿಲ್ಲ. ಡ್ರೈವರ್ ಕುಡಿದಿರಲಿಲ್ಲ, ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಎಂದಿಗಿಂತ ಜೋರಾಗಿಯೂ ಓಡಿಸಿರಲಿಲ್ಲ. ಬೇಸಿಗೆಯಲ್ಲಿ ಮಾಡಿದ ನಿಯಮವನ್ನೇ ಮಳೆಗಾಲದಲ್ಲೂ ಓಡಿಸಿದ್ದರು. ಎಡವಟ್ಟಾದದ್ದು ಅಲ್ಲೇ.

ಗಾಡಿ ಮತ್ತು ದಾರಿ

ಬಡಾವಣೆಯಲ್ಲಿ ಸುಮಾರು ಇನ್ನೂರು ಮನೆ. ಗೇಟು ಕೆಳಗಿದೆ. ಮೇಲಿನ ಸಾಲಿನ ಮನೆಗಳಿಂದ ಅಲ್ಲಿಗೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೇಲಿನ ಸಾಲಿನಲ್ಲಿ ನಿವೃತ್ತರೇ ಜಾಸ್ತಿ. ಗುಡಿಗೆ, ದವಾಖಾನೆಗೆ ಹೋಗುವವರು ಗೇಟಿನ ತನಕ ನಡೆಯಲಾರರು ಎಂದು ಸಂಘ ಎರಡು ಸೆಕೆಂಡ್ ಹ್ಯಾಂಡ್ ಗಾಲ್ಫ್ ಗಾಡಿ ತಂದಿತು. ಅಲ್ಲಿ ಗಾಲ್ಫ್ ಆಡುವವರು ಒಬ್ಬರೂ ಇಲ್ಲ, ಅದು ಬೇರೆ ಮಾತು. ಎಲ್ಲರೂ ಅದನ್ನು ಬ್ಯಾಟರಿ ಗಾಡಿ ಅಂತಲೇ ಕರೆಯುತ್ತಾರೆ. ಹೋಗ್ತಾ ಹೋಗ್ತಾ ಅದು ಹಿರಿಯರಿಗಿಂತ ಸ್ಕೂಲ್ ಮಕ್ಕಳ ಗಾಡಿಯೇ ಆಗಿಬಿಟ್ಟಿತು.

ಗಾಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 48 ವೋಲ್ಟಿನದು. ಸೀಟಿನ ಕೆಳಗೆ 8 ವೋಲ್ಟಿನ ಆರು ಲೆಡ್-ಆ್ಯಸಿಡ್ ಬ್ಯಾಟರಿ, ಒಂದೊಂದೂ ಸುಮಾರು 30 ಕೆ.ಜಿ. ಮೋಟರ್ 5 ಎಚ್‌ಪಿ, ಅಂದರೆ 3.7 ಕಿಲೋವ್ಯಾಟ್. ಮುಂದೆ ಇಬ್ಬರು, ಮಧ್ಯೆ ಇಬ್ಬರು, ಹಿಂದೆ ಇಬ್ಬರು. ಹಿಂದಿನ ಇಬ್ಬರು ಮಾತ್ರ ಗಾಡಿಗೆ ಬೆನ್ನು ಹಾಕಿ, ಹಿಂದಿನ ರಸ್ತೆ ನೋಡುತ್ತಾ ಕೂರಬೇಕು. ಯಾವ ಸೀಟಿಗೂ ಬೆಲ್ಟ್ ಇಲ್ಲ. ಮುಂದಿನ ಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್ ಹಾಳೆ. ಅದಕ್ಕೆ ವೈಪರ್ ಇಲ್ಲ.

ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಡ್ರಮ್ ಬ್ರೇಕ್, ವಾಯರ್ ಎಳೆದು ಹಿಡಿಯುವಂಥದ್ದು. ಬಹಳಷ್ಟು ಗಾಲ್ಫ್ ಗಾಡಿಗಳಲ್ಲಿ ಇರುವುದೇ ಹೀಗೆ. ಸಪಾಟು ಹುಲ್ಲಿನ ಮೇಲೆ ಇಬ್ಬರನ್ನು ಕೂರಿಸಿಕೊಂಡು ನಿಧಾನಕ್ಕೆ ಓಡಾಡಲು ಹುಟ್ಟಿದ ಗಾಡಿಗೆ ಅಷ್ಟು ಸಾಕು.

ಇನ್ನೊಂದು ಸಂಗತಿ ಸಂಘದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಗಾಡಿಯಲ್ಲಿರುವುದು ಹಳೇ ಮಾದರಿಯ ಸೀರೀಸ್ ಮೋಟರ್. ಹೊಸ ಗಾಡಿಗಳಲ್ಲಿ ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟರೇ ಗಾಡಿಯನ್ನು ಹಿಡಿದಿಡುತ್ತದೆ. ಇದರಲ್ಲಿ ಆ ಹಿಡಿತ ಇಲ್ಲ. ಸಂಘದವರು ದುಡ್ಡು ಕೊಟ್ಟು ವೇಗವನ್ನು 20 ಕಿ.ಮೀ.ಗೆ ಕಟ್ಟಿಸಿದ್ದರು. ಆದರೆ ಆ ಮಿತಿ ನಡೆಯುವುದು ಸಪಾಟಿನಲ್ಲಿ, ಏರಿನಲ್ಲಿ. ಇಳಿಜಾರಿನಲ್ಲಿ ಗಾಡಿಯನ್ನು ಎಳೆಯುವುದು ಮೋಟರ್ ಅಲ್ಲ, ಅದರ ಸ್ವಂತ ಭಾರ. ಅಲ್ಲಿ ಲಿಮಿಟರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೇಲಿನಿಂದ ಗೇಟಿಗೆ ಎರಡು ದಾರಿ. ಒಂದು ಹತ್ತಿರದ್ದು, ಕಡಿದಾದದ್ದು. ಹಿಂದೆ ಅಲ್ಲಿ ಡಾಂಬರು ಇತ್ತು. ಪ್ರತಿ ಮಳೆಗಾಲ ಕಿತ್ತು ಹೋಗುತ್ತಿದ್ದರಿಂದ ಪೇವರ್ಸ್, ಅಂದರೆ ಜೋಡಿಸುವ ಕಾಂಕ್ರೀಟ್ ಬ್ಲಾಕು, ಹಾಕಿಸಿದ್ದರು. ಇನ್ನೊಂದು ಹಿಂದಿನ ಸುತ್ತು ರಸ್ತೆ. ಡಾಂಬರಿನದು, ನಿಧಾನಕ್ಕೆ ಇಳಿಯುತ್ತದೆ, ಆರುನೂರು ಮೀಟರಿನಷ್ಟು ಜಾಸ್ತಿ ದೂರ. ಎಲ್ಲರೂ ಹತ್ತಿರದ ದಾರಿಯನ್ನೇ ಹಿಡಿಯುತ್ತಿದ್ದರು.

ಪಾಚಿ

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಸಹ್ಯಾದ್ರಿ. ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ಅದರಲ್ಲಿ ಜುಲೈ ತಿಂಗಳ ಪಾಲು ದೊಡ್ಡದು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವುದು ಇದರ ಅರ್ಧಕ್ಕಿಂತ ಕಡಿಮೆ. ಆದರೆ ಇಲ್ಲಿ ಮಳೆಯ ಪ್ರಮಾಣಕ್ಕಿಂತ ಅದರ ರೀತಿ ಮುಖ್ಯ. ಧೋ ಎಂದು ಸುರಿದು ನಿಲ್ಲುವ ಮಳೆ ರಸ್ತೆಯನ್ನು ತೊಳೆದು ಹೋಗುತ್ತದೆ. ಬೆಳಗಾವಿಯದು ಹಾಗಲ್ಲ. ಮೃಗಶಿರದಲ್ಲಿ ಹತ್ತಿ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಜಿಟಿಜಿಟಿ ಹಿಡಿಯಿತೆಂದರೆ ಎಷ್ಟೋ ದಿನ ಬಿಸಿಲೇ ಕಾಣುವುದಿಲ್ಲ. ಬಟ್ಟೆ ಒಣಗುವುದಿಲ್ಲ. ಗೋಡೆ ಹಸಿರಾಗುತ್ತದೆ. ಪೇವರ್ಸ್ ಕೂಡ.

ಆ ಇಳಿಜಾರಿನ ಒಂದು ಬದಿಗೆ ಎತ್ತರದ ಕಂಪೌಂಡ್, ಇನ್ನೊಂದು ಬದಿಗೆ ಎರಡು ಮಾವಿನ ಮರ. ಬಿಸಿಲು ಬಂದರೂ ನೆಲಕ್ಕೆ ತಾಕುವುದಿಲ್ಲ. ಜೂನ್ ಕೊನೆಯಲ್ಲಿ ಬ್ಲಾಕುಗಳ ಸಂದಿನಲ್ಲಿ ಹಸಿರು ಗೆರೆ ಮೂಡಿತ್ತು. ಜುಲೈ ಎರಡನೇ ವಾರಕ್ಕೆ ಬ್ಲಾಕಿನ ಮೇಲೆಲ್ಲ ಹಬ್ಬಿತ್ತು. ಘಟನೆಯ ಮಾರನೇ ದಿನ ನಾನು ಹೋದಾಗ ಅದರ ಮೇಲೆ ಚಪ್ಪಲಿ ನಿಲ್ಲುತ್ತಿರಲಿಲ್ಲ. ಕಂಪೌಂಡ್ ಹಿಡಿದು ಇಳಿದೆ. ಹಾಲು ಹಾಕುವ ಹುಡುಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಕೇಳಿದರೆ, "ಹದಿನೈದು ದಿನಾ ಆತ್ರಿ, ಇಲ್ಲಿ ಹತ್ತಿಕೊಂಡ್ ಹೋಗಂಗಿಲ್ಲ" ಅಂದ. ಅವನನ್ನು ಯಾರೂ ಕೇಳಿರಲಿಲ್ಲ.

ಗುರುತು ಇನ್ನೂ ಅಳಿಸಿರಲಿಲ್ಲ. ಪಾಚಿಯ ಮೇಲೆ ಎರಡು ಬೋಳು ಪಟ್ಟೆ, ಟೈರಿನಷ್ಟೇ ಅಗಲ, ಮೊದಲು ನೇರವಾಗಿ, ಆಮೇಲೆ ಎಡಕ್ಕೆ ವಾಲಿ ಗಟಾರದ ತನಕ. ಉರುಳುವ ಗಾಲಿ ಪಾಚಿಯನ್ನು ಒತ್ತುತ್ತದೆ, ಹೀಗೆ ಕೆರೆಯುವುದಿಲ್ಲ. ನಿಂತ ಗಾಲಿ ಮಾತ್ರ ಹೀಗೆ ಕೆರೆದುಕೊಂಡು ಹೋಗುತ್ತದೆ. ಅಂದರೆ ಬ್ರೇಕ್ ಹಿಡಿದಿತ್ತು.

ಡ್ರೈವರ್ ಹೇಳಿದ್ದೂ ಅದನ್ನೇ. ಐವತ್ತು ದಾಟಿದವರು, ಮೊದಲು ಊರಲ್ಲಿ ಆಟೋ ಓಡಿಸಿದವರು, ಮಕ್ಕಳಿಗೆಲ್ಲ ಮಾಮಾ. "ಒತ್ತಿದ್ನಿರಿ ಸರ್. ಗಾಲಿ ನಿಂತ್ವು, ಗಾಡಿ ನಿಂದರ್ಲಿಲ್ರಿ." ಸಭೆಯಲ್ಲಿ ಇದನ್ನು ಕೇಳಿ ಕೆಲವರು ನಕ್ಕರು. ನನ್ನ ವರದಿಯಲ್ಲಿ ಇದಕ್ಕಿಂತ ಸರಿಯಾದ ವಾಕ್ಯ ಇನ್ನೊಂದಿಲ್ಲ.

ಲೆಕ್ಕ

ಇಳಿಜಾರನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಅಲ್ಲೇ ಮನೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ ಲೆವೆಲ್ ಪೈಪ್ ಇತ್ತು. ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿಯಲ್ಲಿ ನೀರು ಒಂದೇ ಮಟ್ಟ. ಅದನ್ನು ಹಿಡಿದು ಹಂತಹಂತವಾಗಿ ಇಳಿದೆವು. ಉದ್ದ 42 ಮೀಟರ್, ಇಳಿತ ನಾಲ್ಕು ಮೀಟರಿಗೆ ಸ್ವಲ್ಪ ಹೆಚ್ಚು. ಹತ್ತಕ್ಕೆ ಒಂದು ಅನ್ನಬಹುದು.

ಈಗ ನೋಡಿ. ಹತ್ತಕ್ಕೆ ಒಂದು ಇಳಿಜಾರಿನಲ್ಲಿ ಭೂಮಿಯ ಸೆಳೆತ ಗಾಡಿಯ ವೇಗವನ್ನು ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಏರಿಸುತ್ತದೆ. ಬ್ರೇಕ್ ಮೊದಲು ಇದನ್ನು ತೀರಿಸಬೇಕು, ಆಮೇಲೆ ಗಾಡಿಯನ್ನು ನಿಲ್ಲಿಸಬೇಕು. ಬ್ರೇಕ್ ಹಿಂದಿನ ಗಾಲಿಗೆ ಮಾತ್ರ ಇರುವುದರಿಂದ, ಗಾಡಿಯ ಭಾರದಲ್ಲಿ ಸುಮಾರು ಅರ್ಧದಷ್ಟೇ ಹಿಡಿತಕ್ಕೆ ಸಿಗುತ್ತದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಗಾಲಿ ಇನ್ನೂ ಹಗುರಾಗುತ್ತದೆ.

ಒಣಗಿದ ಕಾಂಕ್ರೀಟಿನ ಮೇಲೆ ರಬ್ಬರಿನ ಹಿಡಿತ ಸುಮಾರು 0.7, ಅಂದರೆ ಗಾಲಿಯ ಮೇಲೆ ಬಿದ್ದ ಭಾರದ ಹತ್ತರಲ್ಲಿ ಏಳು ಪಾಲು. ಆ ಲೆಕ್ಕದಲ್ಲಿ ಗಂಟೆಗೆ 20 ಕಿ.ಮೀ. ವೇಗದ ಗಾಡಿ ಬ್ರೇಕ್ ಒತ್ತಿದ ಮೇಲೆ ಐದಾರು ಮೀಟರಿನಲ್ಲಿ ನಿಲ್ಲುತ್ತದೆ. ಮಾರ್ಚ್‌ನಲ್ಲಿ, ಏಪ್ರಿಲ್‌ನಲ್ಲಿ ಹಾಗೇ ನಿಲ್ಲುತ್ತಿತ್ತು. ಎಲ್ಲರಿಗೂ ಅದೇ ರೂಢಿ ಆಯಿತು.

ಹಸಿ ಪಾಚಿಯ ಮೇಲೆ ಆ ಹಿಡಿತ 0.25ಕ್ಕೆ ಇಳಿಯಿತು ಎಂದು ಅಂದಾಜು ಇಟ್ಟುಕೊಳ್ಳಿ. ಅದರ ಅರ್ಧ ಚಿಲ್ಲರೆ ನಮಗೆ ಸಿಗುತ್ತದೆ. ಅದರಲ್ಲಿ ಬಹುಪಾಲನ್ನು ಇಳಿಜಾರೇ ತಿಂದುಹಾಕುತ್ತದೆ. ಉಳಿದದ್ದರಲ್ಲಿ ಅದೇ ಗಾಡಿ, ಅದೇ ವೇಗ, ಅದೇ ಬ್ರೇಕ್, ನಿಲ್ಲಲು 40 ಮೀಟರಿಗಿಂತ ಜಾಸ್ತಿ ಬೇಕು. ಇಳಿಜಾರಿನ ಉದ್ದವೇ 42. ಡ್ರೈವರ್ ಮೇಲಿನ ತುದಿಯಲ್ಲೇ ಒತ್ತಿದ್ದರೂ ತಿರುವಿನ ಹೊತ್ತಿಗೆ ಗಾಡಿ ನಿಲ್ಲುವುದು ಅನುಮಾನವಿತ್ತು. ಅವರು ಎಂದಿನಂತೆ ಅರ್ಧ ಇಳಿದ ಮೇಲೆ ಒತ್ತಿದ್ದರು.

ವೇಗ ಅರ್ಧ ಮಾಡಿದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. 10 ಕಿ.ಮೀ.ಗೆ ಅದೇ ಪಾಚಿಯ ಮೇಲೆ ಸುಮಾರು 11 ಮೀಟರ್. ಹಾಗಾದರೆ ವೇಗ ಇಳಿಸಿದರೆ ಸಾಕಲ್ವಾ ಎಂದು ಅಧ್ಯಕ್ಷರು ಕೇಳಿದರು. ಸಾಕಾಗಲ್ಲ. ಪಾಚಿ ಇನ್ನೊಂಚೂರು ದಪ್ಪವಾದರೆ, ಮೇಲೆ ಮಾವಿನ ಎಲೆ ಬಿದ್ದರೆ, ಹಿಡಿತ 0.18ಕ್ಕೆ ಬಂದರೆ, ಬ್ರೇಕಿಗಿಂತ ಇಳಿಜಾರೇ ಗೆಲ್ಲುತ್ತದೆ. ಆಗ 5 ಕಿ.ಮೀ. ವೇಗದಲ್ಲಿ ಹೊರಟರೂ ಗಾಡಿ ನಿಲ್ಲುವುದಿಲ್ಲ, ಜಾರುತ್ತಲೇ ಹೋಗುತ್ತದೆ. ಆ ದಾರಿಯಲ್ಲಿ ಮಳೆಗಾಲಕ್ಕೆ ಸುರಕ್ಷಿತ ವೇಗ ಅಂತ ಒಂದು ಇಲ್ಲವೇ ಇಲ್ಲ.

ಗಾಡಿಯ ಬಾಲ ಯಾಕೆ ತಿರುಗಿತು? ಹಿಂದಿನ ಗಾಲಿ ನಿಂತು ಜಾರತೊಡಗಿದರೆ ಅದಕ್ಕೆ ದಿಕ್ಕು ಹಿಡಿಯುವ ಶಕ್ತಿ ಹೋಗುತ್ತದೆ. ಮುಂದಿನ ಗಾಲಿ ಬಲಕ್ಕೆ ತಿರುಗಿದೆ, ಉರುಳುತ್ತಿದೆ. ಹಿಂದಿನದು ತನ್ನ ಪಾಡಿಗೆ ಹೊರಗೆ ಹೋಗುತ್ತದೆ. ಬ್ರೇಕ್ ಸ್ವಲ್ಪ ಬಿಟ್ಟಿದ್ದರೆ ಬಾಲ ನೇರವಾಗುತ್ತಿತ್ತು. ಆದರೆ ಜಾರುವ ಗಾಡಿಯಲ್ಲಿ ಬ್ರೇಕ್ ಬಿಡು ಎಂದು ಯಾರ ಕಾಲಿಗೂ ತಾನಾಗಿ ಹೊಳೆಯುವುದಿಲ್ಲ. ಅದನ್ನು ಕಲಿಸಬೇಕು. ಇಲ್ಲಿ ಯಾರೂ ಕಲಿಸಿರಲಿಲ್ಲ.

ಹಿಂದಿನ ಸೀಟು

ಆರು ಸೀಟಿನ ಗಾಡಿಯಲ್ಲಿ ಆ ದಿನ ಎಂಟು ಮಂದಿ. ಮುಂದೆ ಡ್ರೈವರ್ ಜೊತೆ ಇಬ್ಬರು ಮಕ್ಕಳು, ಮಧ್ಯೆ ಮೂವರು, ಹಿಂದೆ ಅಜ್ಜಿ, ತೊಡೆಯ ಮೇಲೆ ಮೊಮ್ಮಗ. ಅಜ್ಜಿಯ ಪಕ್ಕದ ಸೀಟಿನಲ್ಲಿ ಎಲ್ಲರ ಸ್ಕೂಲ್ ಬ್ಯಾಗುಗಳ ರಾಶಿ. ಆ ಸೀಟಿನ ನಡುವೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ ಇದೆ. ಅದು ಬ್ಯಾಗುಗಳ ಕೆಳಗೆ ಹೂತು ಹೋಗಿತ್ತು.

ಅಜ್ಜಿಯನ್ನು ಮನೆಗೆ ಹೋಗಿ ಮಾತಾಡಿಸಿದೆ. ಕೈಗೆ ಪ್ಲಾಸ್ಟರ್ ಹಾಕಿತ್ತು. "ಹಿಡಕೊಳ್ಳಾಕ ಏನೂ ಇರಲಿಲ್ಲಪಾ ತಮ್ಮಾ. ಕೂಸಿನ್ನ ಹಿಡೀಲೋ, ಗಾಡಿ ಹಿಡೀಲೋ? ಮುಂದ ತಿರುವು ಬಂತು ಅಂತನೂ ಗೊತ್ತಾಗಲಿಲ್ಲ."

ಕೊನೆಯ ಮಾತನ್ನು ಬರೆದುಕೊಂಡೆ. ಮುಂದೆ ನೋಡಿ ಕೂತವರಿಗೆ ತಿರುವು ಕಾಣುತ್ತದೆ, ಮೈ ತಾನಾಗಿ ತಯಾರಾಗುತ್ತದೆ. ಹಿಂದೆ ನೋಡಿ ಕೂತವರಿಗೆ ಆ ಅವಕಾಶವೇ ಇಲ್ಲ. ಎಂಟು ಮೀಟರ್ ತ್ರಿಜ್ಯದ ತಿರುವನ್ನು 20 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಮೈತೂಕದ ಸುಮಾರು ಶೇ 40ರಷ್ಟು ಬಲ ಪಕ್ಕಕ್ಕೆ ತಳ್ಳುತ್ತದೆ. ಬಾಗಿಲಿಲ್ಲ, ಬೆಲ್ಟಿಲ್ಲ. ಸೀಟು ಒದ್ದೆಯಾದ ರೆಕ್ಸಿನ್. ಚಿಕ್ಕ ಮಕ್ಕಳ ಕಾಲು ಕೆಳಗಿನ ಪಟ್ಟಿಗೆ ಮುಟ್ಟುವುದೂ ಇಲ್ಲ. ಗಾಲ್ಫ್ ಗಾಡಿಯಿಂದ ಮಕ್ಕಳು ಬೀಳುವುದು ಜಗತ್ತಿನ ಎಲ್ಲ ಕಡೆ ಗೊತ್ತಿರುವ ಸಮಸ್ಯೆ, ಈ ಸೀಟಿನ ಮೇಲೆ ದೂರು ಇರುವುದೂ ಹೊಸದಲ್ಲ.

ಸಭೆ

ಭಾನುವಾರ ಸಂಜೆ ಕ್ಲಬ್ ಹೌಸಿನಲ್ಲಿ ಸಭೆ. ಮಳೆ ಇದ್ದರೂ ಜನ ತುಂಬಿತ್ತು. ಮೂರು ಸಲಹೆ ಬಂದವು. ಡ್ರೈವರನ್ನು ತೆಗೆಯಿರಿ. ಇಳಿಜಾರಿನ ಕೆಳಗೆ ಸ್ಪೀಡ್ ಬ್ರೇಕರ್ ಹಾಕಿ. ಗಾಡಿಗೆ ಜಿಪಿಎಸ್ ಹಾಕಿ.

ಜಿಪಿಎಸ್ ಬಗ್ಗೆ ಹೇಳಲು ಏನಿಲ್ಲ. ಜಾರಿದ್ದು ಎಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು.

ಸ್ಪೀಡ್ ಬ್ರೇಕರ್ ಮಾತ್ರ ಅಪಾಯದ ಸಲಹೆ. ಕೇಳಲು ಚೆನ್ನಾಗಿದೆ, ಅದಕ್ಕೇ ಹೆಚ್ಚು ಜನ ಒಪ್ಪಿದ್ದರು. ಆದರೆ ನಿಲ್ಲಲಾಗದ ಗಾಡಿ ಉಬ್ಬಿಗೆ ಬಡಿದರೆ ಮೊದಲು ಎಗರುವುದು ಹಿಂದಿನ ಸೀಟು, ಅಂದರೆ ಬೆನ್ನು ಹಾಕಿ ಕೂತವರು. ಉಬ್ಬಿನ ಮೇಲಿನ ಬದಿಗೆ ನೀರು, ಕೆಸರು ನಿಂತು ಪಾಚಿ ಇನ್ನೂ ಜಾಸ್ತಿ ಆಗುತ್ತದೆ. ಇದನ್ನು ನಾನು ಖಡಾಖಂಡಿತ ಬೇಡ ಅಂದೆ.

ಡ್ರೈವರ್ ವಿಷಯಕ್ಕೆ ಮಾತು ಬಿಸಿಯಾಯಿತು. ಒಬ್ಬರು, "ಅವಗ ಪಗಾರ ಕೊಡೋದ್ ಯಾಕ್ರಿ ಹಂಗಾರ? ಇಳಜಾರ್ ಐತಿ ಅಂತ ಗೊತ್ತಿರ್ಲಿಲ್ಲೇನು?" ಎಂದರು. ಡ್ರೈವರ್ ಎದ್ದು ನಿಂತು ಮೆಲ್ಲಗೆ ಹೇಳಿದರು: "ಗೊತ್ತಿತ್ರಿ ಸಾಹೇಬ್ರ. ಹಿಂದಿನ ವಾರ ಸುತ್ತ ಹಾಕಿ ಹೋಗಿದ್ನಿ. ಬಸ್ ತಪ್ಪತೈತಿ ಅಂತ ಬೈದ್ರು. ಅದಕ್ಕ ಮತ್ತ ಇದ ದಾರಿ ಹಿಡದ್ನಿ." ಬೈದವರು ಯಾರು ಎಂದು ಕೇಳುವ ಧೈರ್ಯ ಸಭೆಗೆ ಬರಲಿಲ್ಲ. ಗಾಡಿಯ ಲಾಗ್ ಪುಸ್ತಕ ತೆರೆದು ನೋಡಿದರೆ ಅವರ ಮಾತು ನಿಜವಿತ್ತು. ಎರಡು ಬೆಳಗ್ಗೆ ಕಿಲೋಮೀಟರ್ ಜಾಸ್ತಿ ಬಿದ್ದಿತ್ತು, ಮೂರನೇ ದಿನದಿಂದ ಮತ್ತೆ ಹಳೇ ಲೆಕ್ಕ.

ಪ್ರಕರಣದ ತಿರುಳು ನನಗೆ ಕಂಡದ್ದು ಇಲ್ಲಿ. ಅಪಾಯ ಗೊತ್ತಿದ್ದವರು ಇಬ್ಬರು: ಡ್ರೈವರ್, ಹಾಲಿನ ಹುಡುಗ. ದಾರಿ ನಿರ್ಧರಿಸುವ ಅಧಿಕಾರ ಇಬ್ಬರಿಗೂ ಇರಲಿಲ್ಲ.

ಡ್ರೈವರ್ ಉಳಿದರು. ಅಷ್ಟೇ ಅಲ್ಲ, ಸಂಘ ಒಂದು ಸಾಲಿನ ಠರಾವು ಮಾಡಿತು: ಮಳೆ, ಮಂಜು, ಕತ್ತಲೆ ಇದ್ದಾಗ ಯಾವ ದಾರಿ, ಎಷ್ಟು ಜನ, ಹೋಗಬೇಕೋ ಬೇಡವೋ ಎಂಬುದು ಡ್ರೈವರ್ ನಿರ್ಧಾರ, ಅದನ್ನು ಪ್ರಶ್ನಿಸುವವರು ಗಾಡಿಯಲ್ಲಿ ಅಲ್ಲ, ಸಂಘದ ಆಫೀಸಿನಲ್ಲಿ ಪ್ರಶ್ನಿಸಬೇಕು. ಇದನ್ನು ಲ್ಯಾಮಿನೇಟ್ ಮಾಡಿ ಗಾಡಿಯ ಮುಂದೆ ಅಂಟಿಸಿದ್ದಾರೆ. ದುಡ್ಡು ಖರ್ಚಾಗದ ಕ್ರಮ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಕ್ರಮ.

ಏನೇನು ಬದಲಾಯಿತು

ಮೃಗಶಿರ ಹತ್ತುವ ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಮುಗಿಯುವ ತನಕ ಇಳಿಜಾರಿಗೆ ಸರಪಳಿ. ಬ್ಯಾಟರಿ ಗಾಡಿ ಸುತ್ತು ರಸ್ತೆಯಲ್ಲೇ ಹೋಗಬೇಕು. ಮೂರು ನಿಮಿಷ ಜಾಸ್ತಿ ಬೇಕು, ಹಾಗಾಗಿ ಮೊದಲ ಟ್ರಿಪ್ ಹತ್ತು ನಿಮಿಷ ಮುಂಚೆ. ಮೇಲಿನ ಸಾಲಿನ ಒಬ್ಬ ತಾಯಿ ಇದಕ್ಕೆ ತುಂಬಾ ಜಗಳ ಮಾಡಿದರು. ಮಕ್ಕಳನ್ನು ಎಬ್ಬಿಸುವ ಕಷ್ಟ ಅವರಿಗೇ ಗೊತ್ತು. ಆದರೆ ಸರಪಳಿ ತೆಗೆಯಲಿಲ್ಲ.

ಮಳೆಗಾಲದಲ್ಲಿ ಹಿಂದಿನ ಸೀಟು ಮುಚ್ಚುತ್ತಾರೆ. ಆ ಸೀಟನ್ನು ಮಡಚಿದರೆ ಸಾಮಾನು ಇಡುವ ಹಲಗೆಯಾಗುತ್ತದೆ. ಈಗ ಅಲ್ಲಿ ಬ್ಯಾಗು ಮಾತ್ರ, ಬೆಲ್ಟ್ ಹಾಕಿ ಬಿಗಿದು. ಜನ ನಾಲ್ಕೇ. ಮಕ್ಕಳು ಮಧ್ಯದ ಸೀಟಿನಲ್ಲಿ, ತೊಡೆಯ ಮೇಲೆ ಯಾರೂ ಇಲ್ಲ. ಟ್ರಿಪ್ ಹೆಚ್ಚಾದವು, ಎರಡನೇ ಗಾಡಿಗೂ ಕೆಲಸ ಬಂತು.

ಬ್ರೇಕಿಗೆ ಒಂದು ಚಿಕ್ಕ ರೂಢಿ ಸೇರಿಸಿದೆವು. ನಿಂತ ನೀರಿನಲ್ಲಿ ಹಾದು ಬಂದರೆ ಡ್ರಮ್ ಒಳಗೆ ನೀರು ಹೋಗಿ, ಅದನ್ನು ಒತ್ತಿ ಹಿಡಿಯುವ ಲೈನರ್ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ಆಗ ಸಪಾಟಿನಲ್ಲಿ ನಿಧಾನಕ್ಕೆ ಹೋಗುತ್ತಾ ಪೆಡಲನ್ನು ಎರಡು ಮೂರು ಸಲ ಹಗುರಾಗಿ ಒತ್ತಿ ಒಣಗಿಸಬೇಕು. ಆಟೋ ಓಡಿಸಿದವರಿಗೆ ಇದು ಹೊಸದೇನಲ್ಲ. ಮೇ ಕೊನೆಯಲ್ಲಿ ಬ್ರೇಕ್ ವಾಯರ್ ತೆಗೆದು, ತುಕ್ಕು ನೋಡಿ, ಗ್ರೀಸ್ ಹಾಕಿ ಬಿಗಿ ಮಾಡಬೇಕು ಎಂದೂ ಬರೆಸಿದೆ.

ವೈಪರ್ ಇಲ್ಲದ ಅಕ್ರಿಲಿಕ್ ಹಾಳೆ ಇನ್ನೊಂದು ತಲೆನೋವು. ಕೆಸರು ಬಟ್ಟೆಯಲ್ಲಿ ಒರೆಸಿ ಒರೆಸಿ ಅದು ಗೀರು ಬಿದ್ದು ಮಂಕಾಗಿತ್ತು. ಲಾರಿಯವರ ಹಾಗೆ ತಂಬಾಕು ಉಜ್ಜಿ ನೋಡಿದ್ದೆ ಎಂದು ಡ್ರೈವರ್ ನಾಚಿಕೊಂಡೇ ಹೇಳಿದರು. ಹಾಳೆ ಬದಲಿಸಿದರು. ಮಳೆ ಜೋರಿದ್ದರೆ ಅದನ್ನು ಮಡಚಿ, ಜರ್ಕಿನ್ ಹಾಕಿಕೊಂಡು ನಿಧಾನಕ್ಕೆ ಹೋಗುವುದೇ ವಾಸಿ. ಇಕ್ಕೆಲದ ಪ್ಲಾಸ್ಟಿಕ್ ಪರದೆಯನ್ನು ಡ್ರೈವರ್ ಪಕ್ಕದಲ್ಲಿ ಕಟ್ಟಬಾರದು.

ಶೆಡ್ಡಿನಲ್ಲಿ ಸಿಕ್ಕದ್ದು

ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಚಾರ್ಜಿಂಗ್ ಶೆಡ್ ನೋಡಿ ನನಗೆ ಇಳಿಜಾರಿಗಿಂತ ಹೆಚ್ಚು ಭಯವಾಯಿತು.

ಪತ್ರಾಸಿನ, ಅಂದರೆ ತಗಡಿನ ಶೆಡ್, ಗೇಟಿನ ಪಕ್ಕ. ಬೇಸಿಗೆಯಲ್ಲಿ ಶಟರ್ ತೆರೆದೇ ಇರುತ್ತದೆ. ಮಳೆಗಾಲದಲ್ಲಿ ಎರಚಲು ಒಳಗೆ ಬರುತ್ತದೆಂದು ಶಟರ್ ಎಳೆದು, ಮೇಲಿನ ಸಂದಿಗೆಲ್ಲ ಗೋಣಿಚೀಲ ತುರುಕಿದ್ದರು. ಒಳಗೆ ಎರಡು ಗಾಡಿ ರಾತ್ರಿಯಿಡೀ ಚಾರ್ಜಿಗೆ. ಅಲ್ಲೇ ವಾಚ್‌ಮನ್ ಕುರ್ಚಿ. ಕುರ್ಚಿಯ ಕೆಳಗೆ ಸೊಳ್ಳೆ ಬತ್ತಿ ಹೊಗೆಯಾಡುತ್ತಿತ್ತು.

ಲೆಡ್-ಆ್ಯಸಿಡ್ ಬ್ಯಾಟರಿ ಚಾರ್ಜ್ ತುಂಬುತ್ತಾ ಬಂದಾಗ ಅದರೊಳಗಿನ ನೀರು ಒಡೆದು ಹೈಡ್ರೋಜನ್ ಹೊರಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಯಲ್ಲಿ ಶೇ 4ರಷ್ಟು ಸೇರಿದರೆ ಕಿಡಿ ತಾಕಿದಾಗ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಬಹಳ ಹಗುರ, ಸೀದಾ ಮೇಲಕ್ಕೆ ಹೋಗುತ್ತದೆ. ಗೋಣಿಚೀಲ ತುರುಕಿದ್ದು ಸರಿಯಾಗಿ ಅದೇ ದಾರಿಗೆ. ಕಾರ್ಖಾನೆಯ ಫೋರ್ಕ್‌ಲಿಫ್ಟ್ ಚಾರ್ಜಿಂಗ್ ಜಾಗದಲ್ಲಿ ಬೀಡಿ ಸೇದಿದರೆ ಕೆಲಸ ಹೋಗುತ್ತದೆ. ಇಲ್ಲಿ ವಾಚ್‌ಮನ್ ರಾತ್ರಿ ಕಳೆಯುತ್ತಿದ್ದರು. "ಬೆಚ್ಚಗ ಇರ್ತೈತ್ರಿ ಸರ್, ಚಾರ್ಜರ್ ಬಿಸಿಗೆ" ಅಂದರು. ಅವರನ್ನು ಬೈದು ಏನು ಮಾಡುವುದು? ಗೇಟಿನ ಹತ್ತಿರ ಅವರಿಗೆ ಮಳೆ ಬೀಳದ ಒಂದು ಗೂಡು ಸಹ ಇರಲಿಲ್ಲ.

ಮೊದಲು ಗೂಡು ಕಟ್ಟಿಸಿ, ಆಮೇಲೆ ಶೆಡ್ ರಿಪೇರಿ ಎಂದು ಬರೆದೆ. ಎರಡೂ ಆದವು. ಈಗ ಮಾಡಿನ ಕೆಳಗೆ ಇಕ್ಕೆಲಕ್ಕೂ ಜಾಲರಿ, ಮಳೆ ತಡೆಯಲು ಹೊರಗೆ ಚಾಚಿದ ಪತ್ರಾಸು. ಪ್ಲಗ್ ಪಾಯಿಂಟ್ ಸೊಂಟದೆತ್ತರಕ್ಕೆ ಏರಿಸಿ, ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಅರ್ಥ್ ಲೀಕೇಜ್ ಬ್ರೇಕರ್ ಹಾಕಿದ್ದಾರೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ನೀರು ಎಲ್ಲೆಲ್ಲಿ ನುಗ್ಗಿತ್ತು ಎಂದು ನೆನಪಿರುವವರಿಗೆ ನೆಲದ ಹತ್ತಿರದ ಪ್ಲಗ್ ಯಾಕೆ ಬೇಡ ಎಂದು ಹೇಳಬೇಕಿಲ್ಲ.

ಉಳಿದ ಕಾಲಗಳು

ಬೇಸಿಗೆಯದು ಬೇರೆ ಕಥೆ. ಬ್ಯಾಟರಿಯ ನೀರು ಬೇಗ ಆರುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಪ್ಲೇಟ್ ಮುಳುಗಿದೆಯೇ ನೋಡಬೇಕು. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆ್ಯಸಿಡ್ ಉಕ್ಕಿ ಚೆಲ್ಲುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ. ಬಾಗಲಕೋಟೆ, ವಿಜಯಪುರದ ಬಿಸಿಲಲ್ಲಿ ಇಂಥ ಗಾಡಿ ಇಟ್ಟುಕೊಂಡವರಿಗೆ ಪಾಚಿಗಿಂತ ಇದೇ ದೊಡ್ಡ ಕೆಲಸ.

ಏಪ್ರಿಲ್-ಮೇ ರಜೆಯಲ್ಲಿ ಇನ್ನೊಂದು ಕಾಟ, ಹುಡುಗರ ಕೈಗೆ ಕೀಲಿ. ಒಂಬತ್ತನೇ ಕ್ಲಾಸಿನವನು ತಮ್ಮ-ತಂಗಿಯರನ್ನು ತುಂಬಿಕೊಂಡು ಸುತ್ತುವುದನ್ನು ದೊಡ್ಡವರೇ ವೀಡಿ‌ಯೋ ಮಾಡುತ್ತಿದ್ದರು. ಈ ಗಾಡಿಗಳ ಕೀಲಿ ಹಲವು ಸಲ ಒಂದೇ ನಮೂನೆ, ಒಂದರದ್ದು ಇನ್ನೊಂದಕ್ಕೆ ಹತ್ತುತ್ತದೆ. ಅದಕ್ಕೇ ಸೀಟಿನ ಕೆಳಗೆ ಬೀಗ ಹಾಕುವ ಮುಖ್ಯ ಸ್ವಿಚ್ ಕೂರಿಸಿದರು.

ಗಣಪತಿ ಹಬ್ಬ ಬಂದರೆ ಬ್ಯಾಟರಿ ಗಾಡಿಯೇ ಮೆರವಣಿಗೆಯ ರಥ. ಹನ್ನೊಂದು ದಿನದ ಸಂಭ್ರಮಕ್ಕೆ ಬೇಡ ಅನ್ನುವವನು ನಾನಲ್ಲ. ಆದರೆ ಹಿಂದಿನ ವರ್ಷ ಲೈಟಿನ ಸರಕ್ಕೆ ಆರರಲ್ಲಿ ಎರಡೇ ಬ್ಯಾಟರಿಯಿಂದ ಕರೆಂಟ್ ತೆಗೆದಿದ್ದರು. ಆ ಎರಡು ಮೊದಲು ಬಸವಳಿದು, ಪೂರ್ತಿ ಸಾಲನ್ನೇ ಕೆಡಿಸಿದವು. 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನೇ ಹಾಕಬೇಕು. ಮೆರವಣಿಗೆಯಲ್ಲಿ ಗಾಡಿಯ ಮುಂದೆ ಒಬ್ಬರು ನಡೆಯಬೇಕು, ಸುತ್ತು ರಸ್ತೆಯಲ್ಲೇ ಹೋಗಬೇಕು. ಚಳಿಗಾಲದ ಮಂಜಿಗೆ ಹೆಡ್‌ಲೈಟ್, ಹಿಂದೆ ಕೆಂಪು ರಿಫ್ಲೆಕ್ಟರ್ ಸಾಕು.

ಗೇಟಿನ ಆಚೆ

ದುಡ್ಡಿನ ವಿಷಯಕ್ಕೆ ಬರೋಣ. ಅಜ್ಜಿಯ ಮನೆಯವರು ಪೊಲೀಸ್ ದೂರು ಕೊಡಲಿಲ್ಲ. ದವಾಖಾನೆ ಖರ್ಚನ್ನು ಸಂಘ ಮೇಂಟೆನನ್ಸ್ ಹಣದಿಂದ ಕೊಟ್ಟಿತು, ಗೊಣಗಾಟದ ನಂತರ. ವಿಮೆ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಕಾರ್ಖಾನೆ ಅಥವಾ ಬೇರೆ ಆವರಣದ ಒಳಗೆ ಮಾತ್ರ ಓಡಲೆಂದು ಮಾಡಿದ ವಿಶೇಷ ವಾಹನವನ್ನು ಮೋಟಾರು ವಾಹನದ ವ್ಯಾಖ್ಯೆಯಿಂದ ಬಿಟ್ಟಿದ್ದಾರೆ. ಹಾಗಾಗಿ ನಂಬರ್ ಪ್ಲೇಟ್ ಇಲ್ಲ, ಮಾಮೂಲಿ ಮೋಟಾರು ವಿಮೆಯೂ ಇಲ್ಲ. ಆವರಣದ ಒಳಗಿನ ಅಪಘಾತಕ್ಕೆ ಹೊಣೆಗಾರಿಕೆ ವಿಮೆ ಬೇರೆ ಮಾಡಿಸಬೇಕು.

ಕೆಲವರು ಗೇಟು ದಾಟಿ ಮುಖ್ಯ ರಸ್ತೆಯ ಕಿರಾಣಿ ಅಂಗಡಿ ತನಕ ಗಾಡಿ ಒಯ್ಯುತ್ತಿದ್ದರು. "ಬ್ಯಾಟರಿದು, ಲೈಸೆನ್ಸ್ ಬೇಕಿಲ್ಲ" ಎಂಬ ನಂಬಿಕೆ. ಆ ವಿನಾಯಿತಿ ಇರುವುದು ಮೋಟರ್ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ ಇರುವ ವಾಹನಕ್ಕೆ. ಇದು 3.7 ಕಿಲೋವ್ಯಾಟ್. ಗೇಟು ದಾಟಿದ ಕ್ಷಣ ಅದು ನೋಂದಣಿ ಇಲ್ಲದ ವಾಹನ. ಓಡಿಸುತ್ತಿರುವವರು ಹದಿನೆಂಟರೊಳಗಿನ ಹುಡುಗರಾದರೆ 2019ರ ತಿದ್ದುಪಡಿಯಲ್ಲಿ ಪೋಷಕರಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡದ ಅವಕಾಶ ಇದೆ. ಸಭೆಯಲ್ಲಿ ಇದನ್ನು ಓದಿದಾಗ ಮಾತ್ರ ಪೂರ್ತಿ ಮೌನ.

ಸರಪಳಿ ಹಾಕಿದ ಮೇಲಿನ ಒಂದು ಮಳೆಗಾಲ ಜಾರಿದ ಘಟನೆ ಇಲ್ಲದೆ ಕಳೆಯಿತು. ಒಂದೇ ಮಳೆಗಾಲದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಇಳಿಜಾರಿನ ಪೇವರ್ಸ್ ಕಿತ್ತು, ಅಡ್ಡ ಗೀರು ಹಾಕಿದ ಒರಟು ಕಾಂಕ್ರೀಟ್ ಹಾಕಬೇಕೆಂದು ಈಗ ಚರ್ಚೆ ನಡೆದಿದೆ. ಖರ್ಚು ಬಿಲ್ಡರ್ ಕೊಡಬೇಕೋ ಸಂಘವೋ ಎಂದು ಇನ್ನೂ ಎಳೆದಾಡುತ್ತಿದ್ದಾರೆ. ಮಾವಿನ ಕೊಂಬೆ ಕಡಿಯಲು ಮಾತ್ರ ಎಲ್ಲರೂ ಒಪ್ಪಿದ್ದಾರೆ, ಕಾಯಿ ಮುಗಿದ ಮೇಲೆ. ಕಾಂಕ್ರೀಟ್ ಮೇ ಒಳಗೆ ಆಗದಿದ್ದರೆ ಜೂನ್‌ನಲ್ಲಿ ಮತ್ತೆ ಸರಪಳಿ ಬೀಳಬೇಕು. ಕಾಂಕ್ರೀಟ್ ಆದರೂ ಸರಪಳಿ ಬೀಳಲಿ ಎಂಬುದು ನನ್ನ ಅಭಿಪ್ರಾಯ. ಒರಟು ಕಾಂಕ್ರೀಟಿನ ಮೇಲೂ ನೆರಳಿದ್ದರೆ ಪಾಚಿ ಬೆಳೆಯುತ್ತದೆ, ಬ್ರೇಕ್ ಆಗಲೂ ಹಿಂದಿನ ಎರಡೇ ಗಾಲಿಗೆ.